ಸೊಪ್ಪು ನೋಡಿ ಹಣ್ಣು ಆರ್ಸಿ

ಹೋದ ಸಂಚಿಕೇಲಿ, ಯುಗಾದಿ ಹತ್ರ ಬರ್ತಿದೆ, ಬಿಸಿಲು ಏರ್ತಿದೆ, ಹಸಿ ಸೊಪ್ಪು ಹಣ್ಣು ಸೇರ್ಸಿ ಒಂದು ಸಲಾಡ್ ಮಾಡ್ಕೊಳ್ಳಿ, ಒಲೆ ಮುಂದೆ ಬೇಯೋದು ಸ್ವಲ್ಪನಾದ್ರೂ ತಪ್ಪತ್ತೆ ಅಂತ ಎರಡೇ ಎರಡು ಸಾಲು ಬರ್ದಿದ್ದೆ. ಆ ಎರಡು ಸಾಲಿಗೆ ಇಷ್ಟೊಂದು ಪತ್ರ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲಾ ಕೂತ್ಕೊಂಡು ಓದಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರ್ಸಿ ಇಲ್ಲಿ ಉತ್ತರ ಬರೀತಿದೀನಿ, ನಿಮ್ಮ ಪತ್ರನೇ ಇಲ್ದಿದ್ರೂ ನಿಮ್ಮ ಪ್ರಶ್ನೆ ಇದ್ರೊಳಗೆ ಎಲ್ಲೋ ಇರತ್ತೆ.

ಪ್ರಶ್ನೆ: ಅಕ್ಕ, ನಾನು ಕೆಲಸಕ್ಕೆ ಹೋಗೋಳು. ಬೆಳಿಗ್ಗೆ ಏಳಕ್ಕೆ ಲೆಟ್ಯೂಸ್, ಕಲ್ಲಂಗಡಿ, ಸೌತೆಕಾಯಿ, ದಾಳಿಂಬೆ ಎಲ್ಲಾ ಹೆಚ್ಚಿ ಉಪ್ಪು ನಿಂಬೆರಸ ಹಾಕಿ ಕಲಸಿ ಡಬ್ಬಿಗೆ ತುಂಬ್ಕೊಂಡ್ ಹೋಗ್ತೀನಿ. ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಳ ತೆಗೆದ್ರೆ ತಳದಲ್ಲಿ ಅರ್ಧ ಲೋಟ ನೀರು, ಸೊಪ್ಪು ಮೆತ್ತಗಾಗಿ ಅಂಟ್ಕೊಂಡಿರತ್ತೆ. ದಿನಾ ಚೆಲ್ಲೋಕೆ ಬೇಜಾರು. ಎಲ್ಲಿ ತಪ್ಪಾಗ್ತಿದೆ? (ಬೆಂಗಳೂರಿನಿಂದ)

ಉತ್ತರ: ಬೇಜಾರ್ ಮಾಡ್ಕೋಬೇಡಿ ತಂಗಿ, ನೀವು ಆರಿಸ್ಕೊಂಡಿರೋ ಸಾಮಾನು ಸರಿಯಾಗೇ ಇದೆ, ಹಾಕೋ ಹೊತ್ತು ಮಾತ್ರ ತಪ್ಪಿದೆ. ಹಾಗಲಕಾಯಿ ಹೆಚ್ಚಿ ಉಪ್ಪು ಹಚ್ಚಿಟ್ರೆ ಹತ್ತು ನಿಮಿಷಕ್ಕೆ ನೀರು ಬಿಡಲ್ವಾ, ಅದೇ ಕೆಲಸ ನಿಮ್ಮ ಡಬ್ಬಿಯೊಳಗೆ ಆರು ಗಂಟೆ ನಡೀತಾ ಇದೆ. ಕಲ್ಲಂಗಡೀಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಜಾಸ್ತಿ ನೀರೇ, ಸೌತೆ ಮತ್ತೆ ಲೆಟ್ಯೂಸಲ್ಲಿ ಇನ್ನೂ ಹೆಚ್ಚು, ಉಪ್ಪು ಬಿದ್ದ ತಕ್ಷಣ ಅದು ಒಳಗಿರೋ ನೀರನ್ನ ಎಳ್ದು ಹೊರಗೆ ಹಾಕತ್ತೆ. ಜೊತೆಗೆ ನಿಂಬೆರಸ. ಹುಳಿ ತಾಗಿದ್ರೆ ಸೊಪ್ಪಿನ ಹಸಿರು ಬಣ್ಣಾನೇ ಕೆಡತ್ತೆ, ಯಾಕಂದ್ರೆ ಕ್ಲೋರೋಫಿಲ್ ಒಳಗಿರೋ ಮೆಗ್ನೀಷಿಯಂ ಹುಳೀಗೆ ಕಳಚ್ಕೊಂಡು ಹೋಗತ್ತೆ, ಎಲೆ ಮಂಕು ಕಂದು ಬಣ್ಣಕ್ಕೆ ತಿರುಗತ್ತೆ. ಹಾಗಾಗಿ ಉಪ್ಪು, ಹುಳಿ ಎರಡೂ ತಿನ್ನೋ ಹೊತ್ತಿಗೇ ಹಾಕ್ಬೇಕು, ಅದಕ್ಕೆ ಮುಂಚೆ ಬೇಡವೇ ಬೇಡ.

ಹೀಗ್ ಮಾಡಿ. ಸೊಪ್ಪನ್ನ ಹಿಂದಿನ ರಾತ್ರಿನೇ ತೊಳ್ದು, ಹಳೇ ಹತ್ತಿ ಪಂಚೆ ಇದ್ರೆ ಅದರ ಮೇಲೆ ಹರಡಿ ಫ್ಯಾನ್ ಕೆಳಗೆ ಬಿಡಿ. ಎಲೆ ಮೇಲೆ ಒಂದು ಹನೀನೂ ಕಾಣ್ಬಾರ್ದು, ಅಷ್ಟು ಆರ್ಬೇಕು. ನನಗೆ ಕೇಳಿದ್ರೆ ಸಲಾಡಿನ ಅರ್ಧ ಕೆಲಸ ಇದೇ, ಯಾಕಂದ್ರೆ ಎಲೆ ಒದ್ದೆ ಇದ್ರೆ ನೀವು ನಿಂಬೆ, ಎಣ್ಣೆ, ಉಪ್ಪು ಸೇರ್ಸಿ ಎಂಥ ರಸ ಮಾಡಿ ಸುರಿದ್ರೂ ಅದು ಎಲೆಗೆ ಹತ್ತಲ್ಲ, ಜಾರಿ ತಳಕ್ಕೆ ಹೋಗಿ ಕೂರತ್ತೆ, ಬಾಯಿಗೆ ಬರೀ ಸಪ್ಪೆ ಎಲೆ ಸಿಗತ್ತೆ. ಆರಿದ ಸೊಪ್ಪನ್ನ ಒಣ ಬಟ್ಟೇಲಿ ಸಡಿಲವಾಗಿ ಸುತ್ತಿ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿ ಇಡಿ, ಎರಡು ದಿನ ಗರಿಗರಿ ಇರತ್ತೆ. ಬೆಳಿಗ್ಗೆ ಡಬ್ಬಿ ತಳಕ್ಕೆ ಗಟ್ಟಿ ಹಣ್ಣು ಹಾಕಿ, ಅಂದ್ರೆ ಸೀಬೆ, ಇಡೀ ದ್ರಾಕ್ಷಿ, ದಾಳಿಂಬೆ ಕಾಳು, ಮಾವಿನಕಾಯಿ ಹೋಳು. ಅದರ ಮೇಲೆ ಸೊಪ್ಪು. ರಸನ ಬೇರೆ ಸಣ್ಣ ಬಾಟ್ಲಿಗೆ ಹಾಕ್ಕೊಂಡ್ ಹೋಗಿ. ಕಲ್ಲಂಗಡಿ ಬಿಡೋಕೆ ಮನಸ್ಸಿಲ್ಲ ಅಂದ್ರೆ ದೊಡ್ಡ ದೊಡ್ಡ ಹೋಳು ಮಾಡಿ ತೂತಿನ ಪಾತ್ರೇಲಿ ಹತ್ತು ನಿಮಿಷ ಬಿಟ್ಟು, ಇಳಿದ ರಸ ಕುಡ್ದು, ಹೋಳನ್ನ ಬೇರೆ ಡಬ್ಬಿಗೆ ಹಾಕ್ಕೊಳ್ಳಿ. ಹೆಚ್ಚಿದ ಹಣ್ಣು ಬಿಸಿಲುಗಾಲದಲ್ಲಿ ಹೊರಗೆ ಗಂಟೆಗಟ್ಲೆ ಇರಬಾರ್ದು, ಆಫೀಸಲ್ಲಿ ಫ್ರಿಜ್ ಇದ್ರೆ ಹೋದ ತಕ್ಷಣ ಅದರಲ್ಲಿಡಿ, ಇಲ್ಲಾಂದ್ರೆ ದ್ರಾಕ್ಷಿ ಸೀಬೆ ಥರ ಹಣ್ಣನ್ನ ಹೆಚ್ಚದೇ ಇಡಿಯಾಗೇ ತಗೊಂಡ್ ಹೋಗಿ ಅಲ್ಲೇ ಹೆಚ್ಕೊಳ್ಳಿ.

ಅಳತೆ ಕೇಳಿ ತುಂಬಾ ಜನ ಬರ್ದಿದ್ರಿ, ನಾಲ್ಕು ಜನಕ್ಕೆ ನಾನು ಮಾಡೋದು ಹೇಳ್ತೀನಿ. ಎಳೇ ಮೆಂತ್ಯ ಸೊಪ್ಪು ಒಂದು ಸಣ್ಣ ಕಟ್ಟು, ಲೆಟ್ಯೂಸ್ ಆರೇಳು ಎಲೆ, ಪುದೀನ ಒಂದು ಹಿಡಿ. ಬೀಜ ಇಲ್ದಿರೋ ಕಪ್ಪು ದ್ರಾಕ್ಷಿ ಒಂದು ಕಪ್ಪು ಉದ್ದಕ್ಕೆ ಸೀಳಿ, ಕರ್ಬೂಜ ಒಂದೂವರೆ ಕಪ್ಪು, ತೋತಾಪುರಿ ಮಾವಿನಕಾಯಿ ಅರ್ಧ, ತೆಳ್ಳಗೆ ಉದ್ದಕ್ಕೆ. ರಸಕ್ಕೆ ಒಂದು ನಿಂಬೆಹಣ್ಣು, ಅರ್ಧ ಚಮಚ ಬೆಲ್ಲದ ಪುಡಿ, ಎರಡು ಚಮಚ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ, ಕುಟ್ಟಿದ ಮೆಣಸು, ಕಾಲು ಚಮಚ ಉಪ್ಪು. ಇಷ್ಟನ್ನ ಮುಚ್ಚಳದ ಬಾಟ್ಲಿಗೆ ಹಾಕಿ ಚೆನ್ನಾಗಿ ಕುಲುಕಿ, ಎಲೆ ತಾಟಿಗೆ ಬರೋ ಹೊತ್ತಿಗೆ ಸುರೀರಿ, ಕೈಯಲ್ಲೇ ಹಗುರಕ್ಕೆ ಕಲಸಿ, ಮೇಲೆ ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ. ಎಣ್ಣೆ ಬೇಡ ಅಂತ ಕೆಲವ್ರು ಬಿಡ್ತಾರೆ, ದಯವಿಟ್ಟು ಪೂರ್ತಿ ಬಿಡ್ಬೇಡಿ. ಸೊಪ್ಪಲ್ಲಿ, ಕರ್ಬೂಜದಲ್ಲಿ ಇರೋ ಬೀಟಾ ಕ್ಯಾರೋಟಿನ್ ಮೈಗೆ ಹತ್ಬೇಕಾದ್ರೆ ಸ್ವಲ್ಪ ಜಿಡ್ಡು ಬೇಕೇ ಬೇಕು. ನಮ್ಮ ಹಿರಿಯರು ಕೋಸಂಬರಿಗೆ ಒಗ್ಗರಣೆ, ತೆಂಗಿನತುರಿ ಹಾಕ್ತಿದ್ದಿದ್ದು ರುಚಿಗೇ ಇರ್ಬೋದು, ಆದ್ರೆ ಆ ಜಿಡ್ಡಿಂದ ಮೈಗೂ ಉಪಕಾರವೇ ಆಗ್ತಿತ್ತು.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನೀವು ಸಲಾಡ್ ಅಂತ ಬರದದ್ದು ಓದಿ ನಮ್ಮ ಅತ್ತಿಯವರು, ಇದು ನಾವು ಮಾಡೂ ಪಚಡಿನ ಅಲ್ಲೇನು ಅಂದ್ರು. ಎಳೀ ಮೆಂತ್ಯಾ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ ಸಣ್ಣಗ ಹೆಚ್ಚಿ, ಸವತಿಕಾಯಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಹಾಕಿ ರೊಟ್ಟಿ ಜೋಡಿ ತಿಂತೀವ್ರಿ. ನಾ ಅದಕ್ಕ ದ್ರಾಕ್ಷಿ ಹಾಕೂಣು ಅಂದ್ರ ಅತ್ತಿ ಒಲ್ಲೆ ಅಂತಾರ. ಹಣ್ಣು ಹಾಕಿದ್ರ ಪಚಡಿ ಕೆಡತದೇನ್ರಿ? (ಧಾರವಾಡದಿಂದ)

ಉತ್ತರ: ನಿಮ್ಮ ಪತ್ರ ಓದಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಮೂರು ಸಲ ಓದಿದೆ. ನಿಮ್ಮ ಅತ್ತೆಯವ್ರು ಹೇಳಿದ್ದು ನೂರಕ್ಕೆ ನೂರು ನಿಜ. ಹಸಿ ಸೊಪ್ಪು ತಿನ್ನೋದು ಹೊರಗಿಂದ ಬಂದಿದ್ದು ಅಂತ ಬೆಂಗಳೂರು ಮೈಸೂರು ಕಡೆ ನಾವು ಅಂದ್ಕೊಂಡಿರ್ತೀವಿ, ನಿಮ್ಮ ಕಡೆ ರೊಟ್ಟಿ ಊಟದ ತಾಟಲ್ಲಿ ಮೆಂತ್ಯ, ಮೂಲಂಗಿ, ಹಸಿ ಉಳ್ಳಾಗಡ್ಡಿ, ಹೊಲದ ಬದೂನಲ್ಲಿ ತಾನಾಗೇ ಬೆಳ್ಯೋ ಹಕ್ಕರಕಿ ಎಲ್ಲಾ ಹಸಿಹಸಿಯಾಗೇ ಇರತ್ತೆ. ದಕ್ಷಿಣದೋರು ಇದನ್ನ ನಿಮ್ಮಿಂದ ಕಲೀಬೇಕು.

ಈಗ ದ್ರಾಕ್ಷಿ ವಿಷ್ಯ. ಅತ್ತೆಯವ್ರು ಬೇಡ ಅನ್ನೋದ್ರಲ್ಲೂ ಅರ್ಥ ಇದೆ, ಉಳ್ಳಾಗಡ್ಡಿ ತಪ್ಪಲು ಜೊತೆ ಸಿಹಿ ದ್ರಾಕ್ಷಿ ಸೇರಿದ್ರೆ ಎರಡೂ ಒಂದಕ್ಕೊಂದು ಆಗಿಬರಲ್ಲ, ಘಾಟು ಬೇರೆ ಸಿಹಿ ಬೇರೆ ನಿಂತುಬಿಡತ್ತೆ. ಹಣ್ಣು ಹಾಕೋ ದಿನ ಉಳ್ಳಾಗಡ್ಡಿ ತಪ್ಪಲು ಬಿಟ್ಬಿಡಿ, ಬರೀ ಮೆಂತ್ಯ ಮತ್ತೆ ಹಕ್ಕರಕಿ ಇಟ್ಕೊಳ್ಳಿ. ಕಹಿ ಸೊಪ್ಪಿಗೆ ಸಿಹಿ ಹಣ್ಣು, ಇದು ತುಂಬಾ ಒಳ್ಳೇ ಜೋಡಿ. ಸಿಹಿನೂ ಉಪ್ಪೂ ಎರಡೂ ನಾಲಿಗೆ ಮೇಲೆ ಕಹೀನ ತಗ್ಗಿಸ್ತವೆ, ಯುಗಾದಿ ದಿನ ಬೇವಿಗೆ ಬೆಲ್ಲ ಸೇರ್ಸಿ ಬಾಯಿಗೆ ಹಾಕ್ಕೊಂಡಾಗ ಆಗೋದೂ ಅದೇ ಅಲ್ವಾ. ವಿಜಯಪುರ ಬಾಗಲಕೋಟೆ ಕಡೆ ದ್ರಾಕ್ಷಿ ಈ ಹೊತ್ತಲ್ಲಿ ನಿಮ್ಮ ಸಂತೆಗೆ ರಾಶಿ ಬೀಳತ್ತೆ, ಎರಡು ಸಿವುಡು ಎಳೇ ಮೆಂತ್ಯಕ್ಕೆ ಒಂದು ದೊಡ್ಡ ಬಟ್ಟಲು ದ್ರಾಕ್ಷಿ ಸೀಳಿ ಹಾಕಿ, ಶೇಂಗಾ ಪುಡಿ ಎರಡು ಚಮಚ, ಗುರೆಳ್ಳು ಪುಡಿ ಅರ್ಧ ಚಮಚ, ಉಪ್ಪು, ಹಸಿ ಎಣ್ಣೆ ಒಂದು ಚಮಚ. ಸಕ್ಕರೆ ಹಾಕ್ಬೇಡಿ, ದ್ರಾಕ್ಷಿ ಸಿಹಿ ಸಾಕು. ಪುಡಿಗಳೇ ಇಲ್ಲಿ ದೊಡ್ಡ ಕೆಲಸ ಮಾಡೋದು, ದ್ರಾಕ್ಷಿ ಬಿಟ್ಟ ರಸಾನ ಶೇಂಗಾ ಪುಡಿ ಹೀರ್ಕೊಂಡು ಎಲೆಗೆ ಅಂಟ್ಕೊಳ್ಳತ್ತೆ, ಬಾಟ್ಲೀಲಿ ಕುಲುಕೋ ರಸಾನೇ ಬೇಕಾಗಲ್ಲ. ಮೊದ್ಲ ದಿನ ಪಚಡಿ ಎಂದಿನ ಹಾಗೇ ಮಾಡಿ, ದ್ರಾಕ್ಷೀದು ಒಂದು ಸಣ್ಣ ಬಟ್ಟಲು ಬೇರೆ ಮಾಡಿ ಅತ್ತೆಯವ್ರ ಕೈಗೆ ಕೊಡಿ. ಅವ್ರು ಏನಂದ್ರು ಅಂತ ನನಗೆ ಬರೀಲೇಬೇಕು.

ಈ ಜೋಡಿ ಅನ್ನೋ ಮಾತನ್ನ ಇನ್ನೊಂಚೂರು ಬಿಡಿಸ್ತೀನಿ, ಯಾಕಂದ್ರೆ ಯಾವ ಹಣ್ಣು ಯಾವ ಸೊಪ್ಪು ಅಂತ ಕೇಳಿ ಬಂದಿರೋ ಪತ್ರಗಳೇ ಜಾಸ್ತಿ. ಎಲ್ಲರೂ ಹಣ್ಣು ಮೊದ್ಲು ತಗೊಂಡು ಆಮೇಲೆ ಮನೇಲಿರೋ ಸೊಪ್ಪು ಹಾಕ್ತಾರೆ, ನಾನು ಅದನ್ನ ಉಲ್ಟಾ ಮಾಡಿ ಅಂತೀನಿ. ಸೊಪ್ಪು ಬೆಳಿಗ್ಗೆ ಬುಟ್ಟೀಲಿ ಯಾವ್ದು ತಾಜಾ ಬಂದಿದೆಯೋ ಅದನ್ನ ಮೊದ್ಲು ತಗೊಳ್ಳಿ, ಒಂದು ಎಲೆ ಕಿತ್ತು ಬಾಯಿಗೆ ಹಾಕ್ಕೊಳ್ಳಿ, ಆಮೇಲೆ ಹಣ್ಣಿನ ಗಾಡಿ ಹತ್ರ ಹೋಗಿ. ಎಲೆ ಕಹಿ ಇದ್ರೆ ದ್ರಾಕ್ಷಿ, ಸಪೋಟ, ಖರ್ಜೂರದ ಥರ ಸಿಹಿ. ಎಲೆ ಖಾರ ಇದ್ರೆ, ಎಳೇ ಮೂಲಂಗಿ ಸೊಪ್ಪಿನ ಥರ, ಕಿತ್ತಳೆ ಅಥವಾ ಹುಳಿಸಿಹಿ ಮಾವು. ಲೆಟ್ಯೂಸ್, ಎಳೇ ಬಸಳೆ ಥರ ಸಪ್ಪೆ ಎಲೆಗೆ ಜೋರು ಹುಳಿ ಬೇಕು, ಅಲ್ಲಿ ಮಾವಿನಕಾಯಿ, ದಾಳಿಂಬೆ, ನಮ್ಮ ದೇವನಹಳ್ಳಿ ಚಕ್ಕೋತ. ಪುದೀನ, ಕೊತ್ತಂಬರಿ, ಸಬ್ಬಸಿಗೆ ಥರ ಘಮ್ ಅನ್ನೋ ಸೊಪ್ಪಿಗೆ ಕಲ್ಲಂಗಡಿ ಕರ್ಬೂಜದಂಥ ನೀರು ಹಣ್ಣು, ಯಾಕಂದ್ರೆ ಆ ಹಣ್ಣಲ್ಲಿ ವಾಸನೆ ತೆಳು, ಸೊಪ್ಪು ಅದನ್ನ ತುಂಬ್ಕೊಡತ್ತೆ. ಸಬ್ಬಸಿಗೆ ಜೊತೆ ಕರ್ಬೂಜ ಒಂದ್ಸಲ ಮಾಡಿ ನೋಡಿ, ನನಗಂತೂ ಈ ವರ್ಷ ಅದೇ ಹುಚ್ಚು.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಎರಡು ಸಲ ಕಿಡ್ನಿ ಸ್ಟೋನ್ ಆಗಿದೆ. ಹಸಿ ಪಾಲಕ್ ಸಲಾಡ್ ತುಂಬಾ ಒಳ್ಳೇದು ಅಂತ ಅವ್ರು ದಿನಾ ತಿನ್ನೋಕೆ ಶುರು ಮಾಡಿದಾರೆ, ನನಗೆ ಭಯ. ಸೊಪ್ಪೇ ಬಿಡ್ಬೇಕಾ? (ತುಮಕೂರಿನಿಂದ)

ಉತ್ತರ: ನಿಮ್ಮ ಭಯ ಸರಿಯಾಗಿದೆ ಅಮ್ಮ. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನೋ ಅಂಶ ತುಂಬಾ ಜಾಸ್ತಿ, ದಂಟು ಹರಿವೆ ಜಾತೀಲೂ ಜಾಸ್ತಿ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳೇ. ಪಾಲಕ್ ಬೇಯ್ಸಿ ಆ ನೀರು ಚೆಲ್ಲಿದ್ರೆ ಆಕ್ಸಲೇಟ್ ಸುಮಾರಾಗಿ ಕಮ್ಮಿ ಆಗತ್ತೆ, ಹಸಿ ತಿಂದ್ರೆ ಎಲ್ಲಾ ಒಳಗೇ ಹೋಗತ್ತೆ. ಹಾಗಾಗಿ ದಿನಾ ಹಸಿ ಪಾಲಕ್ ಅವ್ರಿಗೆ ಬೇಡ. ಸೊಪ್ಪೇ ಬಿಡೋದು ಬೇಡ, ಲೆಟ್ಯೂಸ್, ಮೆಂತ್ಯ, ಕೊತ್ತಂಬರಿಲಿ ಪಾಲಕ್‌ಗೆ ಹೋಲಿಸಿದ್ರೆ ಆಕ್ಸಲೇಟ್ ಎಷ್ಟೋ ಕಮ್ಮಿ, ಅವುಗಳ ಸಲಾಡ್ ಮಾಡ್ಕೊಡಿ, ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರು. ಮೊಸರಿನ ಕ್ಯಾಲ್ಸಿಯಂ ಹೊಟ್ಟೇಲೇ ಆಕ್ಸಲೇಟನ್ನ ಹಿಡ್ಕೊಂಡುಬಿಡತ್ತೆ, ಅದು ಕಿಡ್ನಿವರೆಗೂ ಹೋಗೋದು ಕಮ್ಮಿ ಆಗತ್ತೆ. ಕಲ್ಲು ಇದೆ ಅಂತ ಹಾಲು ಮೊಸರು ಬಿಡೋರು ತುಂಬಾ ಜನ, ಅದು ತಪ್ಪು ಕಲ್ಪನೆ. ನಿಂಬೆರಸ ಧಾರಾಳವಾಗಿ ಹಿಂಡಿ, ಅದರಲ್ಲಿರೋ ಸಿಟ್ರೇಟ್ ಕಲ್ಲು ಕಟ್ಟೋದಕ್ಕೆ ಅಡ್ಡ ಬರತ್ತೆ. ನೀರು ಚೆನ್ನಾಗಿ ಕುಡೀಲಿ. ಅವ್ರ ಕಲ್ಲು ಯಾವ ಥರದ್ದು ಅಂತ ರಿಪೋರ್ಟ್ ಇದ್ರೆ ಅದನ್ನ ತಗೊಂಡು ಡಾಕ್ಟ್ರ ಹತ್ರ ಒಂದ್ಸಲ ಮಾತಾಡಿ.

ಇದೇ ಹೊತ್ತಲ್ಲಿ ಇನ್ನಿಬ್ಬರಿಗೂ ಹೇಳ್ಬಿಡ್ತೀನಿ. ರಕ್ತ ತೆಳು ಮಾಡೋಕೆ ವಾರ್ಫರಿನ್ ಮಾತ್ರೆ ತಗೊಳ್ಳೋ ತಾತನ ಬಗ್ಗೆ ಮಂಡ್ಯದಿಂದ ಒಬ್ಬ ಹುಡುಗಿ ಕೇಳಿದಾಳೆ. ಸೊಪ್ಪಲ್ಲಿರೋ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಎದುರು ನಿಲ್ಲತ್ತೆ, ಅದಕ್ಕೆ ತಾತ ಒಂದಿನ ರಾಶಿ ಸೊಪ್ಪು ತಿಂದು ಇನ್ನೊಂದಿನ ಏನೂ ತಿನ್ನದೇ ಇರೋದು ಒಳ್ಳೇದಲ್ಲ ಮಗಳೇ, ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ಇರ್ಲಿ, ಹೊಸದಾಗಿ ಶುರು ಮಾಡೋ ಮುಂಚೆ ಡಾಕ್ಟ್ರಿಗೆ ಹೇಳಿ. ಶುಗರ್ ಇರೋ ತಂದೆಗೆ ಯಾವ ಹಣ್ಣು ಅಂತ ಹಾಸನದಿಂದ ಕೇಳಿದಾರೆ. ಸೀಬೆ ಒಳ್ಳೇದು, ನಾರು ಜಾಸ್ತಿ. ಚಕ್ಕೋತನೂ ಒಳ್ಳೇದು, ಆದ್ರೆ ಕೆಲವು ಕೊಲೆಸ್ಟ್ರಾಲ್ ಮಾತ್ರೆ, ಕೆಲವು ಬಿಪಿ ಮಾತ್ರೆ ಜೊತೆ ಚಕ್ಕೋತ ಸರಿಹೋಗಲ್ಲ, ಮಾತ್ರೆ ಅಂಶ ರಕ್ತದಲ್ಲಿ ಜಾಸ್ತಿ ಆಗ್ಬಿಡತ್ತೆ, ಕೇಳ್ಕೊಂಡೇ ಕೊಡಿ. ಅವ್ರ ತಾಟಲ್ಲಿ ಸೊಪ್ಪು ಮುಕ್ಕಾಲು, ಹಣ್ಣು ಕಾಲು ಇರ್ಲಿ, ಬೆಲ್ಲ ಜೇನು ಬೇಡ.

ಪ್ರಶ್ನೆ: ನಮ್ಮಲ್ಲಿ ಮಕ್ಕಳು ಇಬ್ಬರು, ಮೂರು ವರ್ಷದ್ದು ಒಂದು, ಏಳು ವರ್ಷದ್ದು ಒಂದು. ಹಣ್ಣು ಎಷ್ಟು ಕೊಟ್ಟರೂ ತಿಂತವೆ, ಸೊಪ್ಪು ಕಂಡರೆ ಓಡ್ತವೆ. ತೋಟದಲ್ಲಿ ತಿಮರೆ ಉಂಟು, ಬಸಳೆ ಉಂಟು, ಸಾಂಬ್ರಾಣಿ ಸೊಪ್ಪು ಉಂಟು. ಹಣ್ಣಿನ ಒಟ್ಟಿಗೆ ಹೇಗೆ ಕೊಡುವುದು ಅಂತ ಹೇಳ್ತೀರಾ? (ಪುತ್ತೂರಿನಿಂದ)

ಉತ್ತರ: ತೋಟದಲ್ಲೇ ಅಷ್ಟೆಲ್ಲಾ ಇದೆ ಅಂದ್ರೆ ನೀವು ಪುಣ್ಯವಂತರು. ನೀವು ತಿಮರೆ ಅನ್ನೋದನ್ನ ನಾವು ಒಂದೆಲಗ ಅಂತೀವಿ, ಸಾಂಬ್ರಾಣಿ ಸೊಪ್ಪು ನಮ್ಮ ಕಡೆ ದೊಡ್ಡಪತ್ರೆ. ಮಕ್ಕಳಿಗೆ ಎಲೆ ಎಲೆಯಾಗಿ ಕೊಟ್ರೆ ಬಾಯಲ್ಲಿ ಅಗಿಯೋಕೆ ಬೇಜಾರು, ಅದಕ್ಕೇ ಉಗೀತಾರೆ. ಏಳೆಂಟು ತಿಮರೆ ಎಲೆ ಒಂದರ ಮೇಲೊಂದು ಇಟ್ಟು ವೀಳ್ಯದೆಲೆ ಥರ ಬಿಗಿಯಾಗಿ ಸುತ್ತಿ ಚೂಪು ಚಾಕೂಲಿ ದಾರದಷ್ಟು ತೆಳ್ಳಗೆ ಹೆಚ್ಚಿ, ಮಾಗಿದ ಮಾವಿನಹಣ್ಣಿನ ಹೋಳು, ಬಾಳೆಹಣ್ಣು, ಎಳೇ ತೆಂಗಿನಕಾಯಿ ತುರಿ, ಒಂಚೂರು ಬೆಲ್ಲ ಸೇರ್ಸಿ. ನೀವು ಮಾಡೋ ಬಾಳೆಹಣ್ಣಿನ ರಸಾಯನಕ್ಕೇ ತೆಂಗಿನ ಹಾಲು ಹಾಕೋ ಬದ್ಲು ತುರಿ ಹಾಕಿ, ಸೊಪ್ಪು ಸೇರ್ಸಿದ ಹಾಗೆ ಅಂದ್ಕೊಳ್ಳಿ. ಮೊದ್ಲ ವಾರ ಎರಡೇ ಎಲೆ. ಸಾಂಬ್ರಾಣಿ ಘಾಟು, ಅದು ಒಂದೇ ಎಲೆ ಸಾಕು, ಅನಾನಸ್ ಜೊತೆ ಚೆನ್ನಾಗಿ ಹೋಗತ್ತೆ. ದೊಡ್ಡೋನ ಕೈಲಿ ಎಲೆ ಕೀಳಿಸಿ, ತೊಳೆಸಿ, ತಾನೇ ಕಿತ್ತಿದ್ದನ್ನ ಮಕ್ಕಳು ತಿಂತಾರೆ, ನಮ್ಮನೇಲಿ ಹಾಗೇ ಆಗಿದ್ದು.

ಒಂದು ವಿಷ್ಯ ಮಾತ್ರ ಕೈಮುಗಿದು ಹೇಳ್ತೀನಿ. ಮೂರು ವರ್ಷದ ಮಗೂಗೆ ಇಡೀ ದ್ರಾಕ್ಷಿ ಕೊಡ್ಲೇಬೇಡಿ. ದ್ರಾಕ್ಷಿ ನುಣ್ಣಗೆ, ಗಂಟಲಿನ ಅಳತೆಗೇ ಇರತ್ತೆ, ಜಾರಿ ಉಸಿರು ಕಟ್ಟತ್ತೆ. ಐದು ವರ್ಷ ದಾಟೋವರ್ಗೂ ಉದ್ದಕ್ಕೆ ನಾಲ್ಕು ಸೀಳಿ ಕೊಡಿ, ಅಡ್ಡಕ್ಕೆ ಅರ್ಧ ಮಾಡಿದ್ರೆ ಸಾಲದು. ಇಡೀ ಕಡಲೆಕಾಯಿ ಬೀಜನೂ ಹಾಗೇ, ಪುಡಿ ಮಾಡಿ ಉದುರ್ಸಿ. ಮನೇಲಿ ವರ್ಷ ತುಂಬದ ಮಗು ಇದ್ರೆ ಅದಕ್ಕೆ ಜೇನುತುಪ್ಪ ಒಂದು ತೊಟ್ಟೂ ಬೇಡ.

ಪ್ರಶ್ನೆ: ಅನಾನಸ್ ಹೋಳು, ಪುದೀನ, ಲೆಟ್ಯೂಸ್‌ಗೆ ಮೊಸರು ಕಲಸಿ ಇಟ್ಟಿದ್ದೆ, ಒಂದು ಗಂಟೆ ಬಿಟ್ಟು ನೋಡಿದ್ರೆ ಪೂರ್ತಿ ಕಹಿ. ಮೊಸರು ಕೆಟ್ಟಿತ್ತಾ? (ಸಾಗರದಿಂದ)

ಉತ್ತರ: ಮೊಸರು ಚೆನ್ನಾಗೇ ಇತ್ತು. ಹಸಿ ಅನಾನಸಲ್ಲಿ ಬ್ರೊಮಿಲಿನ್ ಅಂತ ಒಂದು ಕಿಣ್ವ ಇದೆ, ಅದು ಹಾಲು ಮೊಸರಿನ ಪ್ರೋಟೀನನ್ನ ಒಡ್ದು ಚೂರು ಮಾಡತ್ತೆ, ಆ ಚೂರುಗಳೇ ಕಹಿ. ಕಿವಿ ಹಣ್ಣಲ್ಲೂ ಹೀಗೇ ಆಗತ್ತೆ. ಬೇಯ್ಸಿದ್ರೆ ಆ ಕಿಣ್ವ ಸಾಯತ್ತೆ. ಹೋಳನ್ನ ಎರಡು ಚಮಚ ನೀರಲ್ಲಿ ಐದು ನಿಮಿಷ ಕುದಿಸಿ ಆರ್ಸಿ ಮೊಸರಿಗೆ ಹಾಕಿ, ಇಲ್ಲಾಂದ್ರೆ ಮೊಸರು ಬಿಟ್ಟು ನಿಂಬೆ ಮೆಣಸು ಮಾಡಿ.

ಪ್ರಶ್ನೆ: ಮೇಡಂ, ಕೊಳಚೆ ನೀರಲ್ಲಿ ಸೊಪ್ಪು ಬೆಳೀತಾರೆ ಅಂತೆಲ್ಲಾ ಕೇಳಿ ಹಸಿ ತಿನ್ನೋಕೆ ಧೈರ್ಯ ಬರಲ್ಲ. ಉಪ್ಪು ನೀರಲ್ಲಿ ನೆನ್ಸಿದ್ರೆ ಎಲ್ಲಾ ಹೋಗತ್ತಾ? ನನ್ನ ಮಗಳು ಬಸುರಿ, ಅವಳಿಗೆ ಕೊಡ್ಬೋದಾ? (ಮೈಸೂರಿನಿಂದ)

ಉತ್ತರ: ಉಪ್ಪು ನೀರಲ್ಲಿ ನೆನ್ಸಿದ್ರೆ ಹುಳ, ಸಣ್ಣ ಕೀಟ ಬಿಡ್ತವೆ, ಆದ್ರೆ ಎಲ್ಲಾ ಕ್ರಿಮಿನೂ ಸಾಯತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಕೊಳಚೆ ನೀರಿನ ಸೊಪ್ಪಲ್ಲಿ ಹೊಟ್ಟೆ ಹುಳುವಿನ ಮೊಟ್ಟೆ, ಭೇದಿ ಮಾಡೋ ಕ್ರಿಮಿ ಇರ್ಬೋದು, ಅದಕ್ಕೆ ಹಸಿ ತಿನ್ನೋ ಸೊಪ್ಪು ಎಲ್ಲಿ ಬೆಳ್ದಿದ್ದು ಅಂತ ಗೊತ್ತಿರೋದು ಮುಖ್ಯ, ಗೊತ್ತಿಲ್ದಿದ್ರೆ ಅದನ್ನ ಹುಳಿ ಪಲ್ಯಕ್ಕೆ ಬಳಸಿ. ಮೆಂತ್ಯ, ಪುದೀನ ಎರಡೂ ಕುಂಡದಲ್ಲಿ ಸುಲಭವಾಗಿ ಬರ್ತವೆ. ಅಡುಗೆ ಮನೆ ಮೆಂತ್ಯ ಕಾಳನ್ನೇ ರಾತ್ರಿ ನೆನ್ಸಿ ಅಗಲ ಟ್ರೇನಲ್ಲಿ ಬಿತ್ತಿದ್ರೆ ಎರಡು ವಾರದ ಆಸುಪಾಸಿಗೆ ಅಂಗೈ ಎತ್ತರದ ಎಳೇ ಸೊಪ್ಪು ಕತ್ತರಿಸ್ಬೋದು, ಕಹಿನೂ ಕಮ್ಮಿ.

ತೊಳೆಯೋದು ಹೇಳ್ತೀನಿ. ಮೊದ್ಲು ಬೇರು, ಕೊಳೆತ ಎಲೆ ಕಿತ್ತುಹಾಕಿ. ದೊಡ್ಡ ಬೇಸಿನ್ ತುಂಬಾ ನೀರಲ್ಲಿ ಎಲೆ ಮುಳುಗಿಸಿ ಕೈಯಾಡಿಸಿ ಹತ್ತು ನಿಮಿಷ ಬಿಡಿ, ಮಣ್ಣು ಕೆಳಗೆ ಕೂರತ್ತೆ, ಆಗ ಎಲೇನ ಮೇಲಿಂದ ಎತ್ಕೋಬೇಕು, ಬೇಸಿನ್ ಬಗ್ಗಿಸಿ ನೀರು ಚೆಲ್ಲಿದ್ರೆ ಕೂತಿರೋ ಮಣ್ಣೆಲ್ಲಾ ಮತ್ತೆ ಎಲೆ ಮೇಲೇ ಬೀಳತ್ತೆ. ಹೀಗೆ ಮೂರು ನೀರು. ಕೊನೇದು ಕುಡಿಯೋ ನೀರಾಗಿರ್ಲಿ. ಸೋಪು, ಪಾತ್ರೆ ತೊಳೆಯೋ ಲಿಕ್ವಿಡ್ ಹತ್ರನೂ ತರ್ಬೇಡಿ. ಹಣ್ಣಿನ ಸಿಪ್ಪೆ ತಿನ್ನಲ್ಲ ಅಂತ ಕಲ್ಲಂಗಡಿ ಕರ್ಬೂಜ ತೊಳೆಯದೇ ಹೆಚ್ಚೋರು ಇದಾರೆ, ಸಿಪ್ಪೆ ಮೇಲಿನ ಕೊಳೆ ಚಾಕು ಜೊತೆನೇ ಒಳಗೆ ಹೋಗತ್ತೆ, ಅದಕ್ಕೆ ಹೆಚ್ಚೋ ಮುಂಚೆನೇ ತಿಕ್ಕಿ ತೊಳೀರಿ. ಹೆಚ್ಚಿದ್ಮೇಲೆ ಹೊರಗೆ ಎರಡು ಗಂಟೆ ಮೀರಬಾರ್ದು, 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದೇ ಗಂಟೆ. ಕೆಲವು ವರ್ಷದ ಹಿಂದೆ ಒಂದು ಗೃಹಪ್ರವೇಶದಲ್ಲಿ ಬೆಳಿಗ್ಗೆ ಎಂಟಕ್ಕೆ ಹೆಚ್ಚಿಟ್ಟ ಕಲ್ಲಂಗಡಿ ಮಧ್ಯಾಹ್ನ ಎರಡಕ್ಕೆ ತಿಂದು ನಾನೂ ನನ್ನ ಮಗಳೂ ಮೂರು ದಿನ ಮಲಗಿದ್ವಿ, ಆವತ್ತಿಂದ ಈ ವಿಷ್ಯದಲ್ಲಿ ನಾನು ತುಂಬಾ ಕಟ್ಟುನಿಟ್ಟು.

ನಿಮ್ಮ ಮಗಳಿಗೆ ಈ ಕೆಲವು ತಿಂಗಳು ಹಸಿ ಸೊಪ್ಪು ಬೇಡ, ಎಷ್ಟೇ ತೊಳ್ದಿದ್ರೂ ಆ ಅಪಾಯ ಯಾಕೆ. ಸೊಪ್ಪನ್ನ ಪಲ್ಯ ಸಾರು ಮಾಡಿ ಕೊಡಿ, ಜೊತೆಗೆ ಆಗಷ್ಟೇ ಸುಲಿದ ಕಿತ್ತಳೆ ಅಥವಾ ಸೀಬೆ. ಹಣ್ಣಿನ ವಿಟಮಿನ್ ಸಿ ಸೊಪ್ಪಿನ ಕಬ್ಬಿಣ ಮೈಗೆ ಹತ್ತೋಕೆ ಸಹಾಯ ಮಾಡತ್ತೆ, ಊಟ ಆದ ತಕ್ಷಣ ಟೀ ಕಾಫಿ ಕುಡಿದ್ರೆ ಅದು ತಪ್ಪಿಹೋಗತ್ತೆ, ಒಂದು ಗಂಟೆ ತಡೀಲಿ.

ಪ್ರಶ್ನೆ: ಅಕ್ಕ, ಇಲ್ಲಿ ನ್ಯೂಜೆರ್ಸೀಲಿ ಯುಗಾದಿಗೆ ಇನ್ನೂ ಜಾಕೆಟ್ ಹಾಕ್ಕೊಂಡೇ ಓಡಾಡ್ತೀವಿ. ಕನ್ನಡದವ್ರೆಲ್ಲಾ ಸೇರಿ ಮಾಡೋ ಹಬ್ಬದೂಟಕ್ಕೆ ಈ ಸಲ ಕೋಸಂಬರಿ ನನ್ನ ಪಾಲು. ಇಲ್ಲಿ ಸಿಗೋ ಸೊಪ್ಪು ಹಣ್ಣಲ್ಲೇ ಏನಾದ್ರೂ ಹೊಸದು ಮಾಡ್ಬೋದಾ?

ಉತ್ತರ: ಖಂಡಿತ ಮಾಡಿ ಕಂದ. ಅಲ್ಲಿ ಅರುಗುಲಾ ಅಂತ ಸೊಪ್ಪು ಸಿಗತ್ತಲ್ಲ, ಅದು ನಮ್ಮ ಸಾಸಿವೆ, ಮೂಲಂಗಿ ಕುಲದ್ದೇ, ಅದಕ್ಕೇ ಆ ಸಣ್ಣ ಖಾರ. ಖಾರ ಎಲೆಗೆ ಹುಳಿಸಿಹಿ ಹಣ್ಣು ಅಂದ್ನಲ್ಲ, ಆ ಹೊತ್ತಿಗೆ ಫ್ಲಾರಿಡಾ ಕ್ಯಾಲಿಫೋರ್ನಿಯಾ ಕಡೆಯಿಂದ ಸ್ಟ್ರಾಬೆರಿ ಬರತ್ತೆ, ನಿಮ್ಮ ಊರಿಂದು ಬರೋಕೆ ಮೇ ಕೊನೆ ಆಗತ್ತೆ. ಒಂದು ಕಪ್ಪು ಹೆಸರುಬೇಳೆ ಒಂದೂವರೆ ಗಂಟೆ ನೆನ್ಸಿ ಬಸಿದು, ಇಂಡಿಯನ್ ಸ್ಟೋರಿನ ಮಾವಿನಕಾಯಿ ಸಣ್ಣ ಚೂರು, ತೆಂಗಿನತುರಿ, ಸ್ಟ್ರಾಬೆರಿ ಹೋಳು, ಒಗ್ಗರಣೆಗೆ ಸಾಸಿವೆ ಇಂಗು ಹಸಿಮೆಣಸಿನಕಾಯಿ. ಕೊತ್ತಂಬರಿ ಬದ್ಲು ಎರಡು ಹಿಡಿ ಅರುಗುಲಾ, ಬಡಿಸೋ ಹೊತ್ತಿಗೆ. ಒಗ್ಗರಣೆ ಪೂರ್ತಿ ಆರಿರ್ಲಿ, ಬಿಸಿ ಎಣ್ಣೆ ಬಿದ್ರೆ ಅರುಗುಲಾ ಮುದುಡಿ ಕಪ್ಪಾಗತ್ತೆ. ಕಡಲೆಕಾಯಿ ಬೀಜ ಒಳಗೆ ಕಲಸ್ಬೇಡಿ, ಅಲ್ಲಿ ಮಕ್ಕಳಿಗೆ ಅದರ ಅಲರ್ಜಿ ಇರ್ಬೋದು, ಬೇರೆ ಬಟ್ಟಲಲ್ಲಿ ಹೆಸ್ರು ಬರ್ದು ಇಡಿ.

ಪ್ರಶ್ನೆ: ನಮ್ಮ ಬೀದಿ ದೇವಸ್ಥಾನದಲ್ಲಿ ರಾಮನವಮಿಗೆ ನೂರು ಜನಕ್ಕೆ ಪಾನಕ, ಮಜ್ಜಿಗೆ, ಕೋಸಂಬರಿ ಹಂಚ್ತೀವಿ. ಈ ಸಲ ಕೋಸಂಬರಿಗೆ ಹಣ್ಣು ಸೊಪ್ಪು ಸೇರ್ಸೋಣ ಅಂತ ಹುಡುಗ್ರು ಹೇಳ್ತಿದಾರೆ. ಅಳತೆ ಕೊಡಿ, ಕೆಡದೇ ಇರೋಕೆ ಏನ್ ಮಾಡ್ಬೇಕು ಹೇಳಿ. (ಶಿವಮೊಗ್ಗದಿಂದ)

ಉತ್ತರ: ಹುಡುಗ್ರಿಗೆ ನನ್ನ ಕಡೆಯಿಂದ ಭೇಷ್ ಅನ್ನಿ. ನೂರು ಜನಕ್ಕೆ ಒಂದು ದೊನ್ನೆ ಅಂದ್ರೆ ಸುಮಾರು ಆರು ಕೆಜಿ ಕೋಸಂಬರಿ ಬೇಕು. ಹೆಸರುಬೇಳೆ ಒಂದೂವರೆ ಕೆಜಿ, ನೆನೆದ್ರೆ ಹತ್ರ ಹತ್ರ ಮೂರು ಕೆಜಿ ಆಗತ್ತೆ. ಸೌತೆಕಾಯಿ ಒಂದು ಕೆಜಿ, ತೋತಾಪುರಿ ಮಾವಿನಕಾಯಿ ಅರ್ಧ ಕೆಜಿ, ಬಿಡಿಸಿದ ದಾಳಿಂಬೆ ಒಂದು ಕೆಜಿ, ತೆಂಗಿನಕಾಯಿ ನಾಲ್ಕು, ಕೊತ್ತಂಬರಿ ನಾಲ್ಕು ಕಟ್ಟು, ಪುದೀನ ಎರಡು ಕಟ್ಟು, ನಿಂಬೆಹಣ್ಣು ಹದಿನೈದು. ಕಲ್ಲಂಗಡಿ ಕರ್ಬೂಜ ಇದಕ್ಕೆ ಬೇಡ, ನೀರು ಬಿಟ್ಟು ದೊನ್ನೆ ಸೋರತ್ತೆ, ಬಿಸಿಲಿಗೆ ಬೇಗ ಕೆಡತ್ತೆ. ದಾಳಿಂಬೆ ಕಾಳಿಗೆ ಚಾಕು ತಾಗಿರಲ್ಲ, ಹಾಗಾಗಿ ಅದು ತಡೀತದೆ, ಅಷ್ಟು ಹೊತ್ತು ರಸ ಬಿಡಲ್ಲ.

ಬೇಳೆ ರಾತ್ರಿ ಎಲ್ಲಾ ನೆನ್ಸಬೇಡಿ, ಬೆಳಿಗ್ಗೆ ಎರಡು ಗಂಟೆ ಸಾಕು, ಜಾಸ್ತಿ ನೆನೆದ್ರೆ ಹುಳಿ ವಾಸನೆ ಬರತ್ತೆ. ಬಸಿದು ಬಟ್ಟೆ ಮೇಲೆ ಹರಡಿ. ಸೊಪ್ಪು ಹಿಂದಿನ ದಿನ ತೊಳ್ದು ಆರ್ಸಿ ಇಟ್ಕೊಂಡಿರಿ, ಹೆಚ್ಚೋದು ಮಾತ್ರ ಅವತ್ತೇ. ಒಗ್ಗರಣೆ ಮಾಡಿ ಆರ್ಸಿ ಬೇಳೆಗೆ ಕಲಸಿಡಿ, ಸೌತೆಕಾಯಿ ತೆಂಗಿನತುರಿ ಸೊಪ್ಪು ಬೇರೆ ಬೇರೆ ಪಾತ್ರೇಲಿ ಐಸ್ ಮೇಲೆ ಇರ್ಲಿ. ನೈವೇದ್ಯಕ್ಕೆ ಒಂದು ಬಟ್ಟಲು ಮೊದ್ಲೇ ಉಪ್ಪು ಹುಳಿ ಹಾಕಿ ಕಲಸಿ ಕೊಟ್ಬಿಡಿ. ಉಳ್ದಿದ್ದನ್ನ ಒಟ್ಟಿಗೇ ಕಲಸ್ಬೇಡಿ, ನಾಲ್ಕು ಪಾಲು ಮಾಡ್ಕೊಳ್ಳಿ, ಇಪ್ಪತ್ತೈದು ದೊನ್ನೆಗೆ ಒಂದು ಪಾಲು. ಮಂಗಳಾರತಿ ಗಂಟೆ ಕೇಳಿದ ತಕ್ಷಣ ಮೊದ್ಲ ಪಾಲಿಗೆ ಉಪ್ಪು ನಿಂಬೆರಸ ಹಾಕಿ, ಅದು ಮುಗೀತಾ ಬಂದಾಗ ಎರಡ್ನೇದು.